ನಾಲ್ಕನೇ ಈಡಿಗೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಾಗ: ನನ್ನ ಅನುಭವ

ಕೇಪಿನ ಕೋವಿ ಕೊಂಡ ಹೊಸತು. ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ತುಂಬಿ, ಹಿಂದೆ ಕೇಪು (ಬಡಿದಾಗ ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಹಾಕಿ ಹೊಡೆಯುವಂಥದ್ದು; ನಳಿಗೆಯ ಒಳವ್ಯಾಸ 0.58 ಅಂಗುಲ. ಮೊದಲ ಮೂರು ಈಡು ಚೆನ್ನಾಗಿಯೇ ಹೋದವು. ನಾಲ್ಕನೆಯದಕ್ಕೆ 0.57 ಅಂಗುಲದ ಸೀಸದ ಗುಂಡನ್ನು ಬಟ್ಟೆಯಲ್ಲಿ ಸುತ್ತಿ ಗಜದಿಂದ (ಗುಂಡು ತಳ್ಳುವ ಉದ್ದ ಕೋಲು) ತಳ್ಳಿದರೆ ಅರ್ಧದಲ್ಲೇ ನಿಂತುಬಿಟ್ಟಿತು.

ಹಾಗೇ ಹೊಡೆಯೋಣ ಅನ್ನಿಸಿದ್ದು ನಿಜ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಪುಣ್ಯಕ್ಕೆ ಕೇಪು ಇನ್ನೂ ಹಾಕಿರಲಿಲ್ಲ. ಕೇಪು ಕೂರುವ ನಿಪ್ಪಲ್ ಬಿಚ್ಚಿ, ಆ ತೂತಿನಿಂದ ನೀರು ಬಿಟ್ಟು ಮದ್ದನ್ನು ಪೂರ್ತಿ ನೆನೆಸಿದೆ. ಆಮೇಲೆ ಗಜದ ತುದಿಗೆ ಗುಂಡು ಕೀಳುವ ಸ್ಕ್ರೂ ಹಾಕಿ, ಸೀಸಕ್ಕೆ ತಿರುಗಿಸಿ ಎಳೆದೆ. ಮುಖ ಮಾತ್ರ ನಳಿಗೆಯ ಬಾಯಿಂದ ದೂರ.

ಕಾರಣ ಮಸಿ. ಕಪ್ಪು ಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಘನ ರೂಪದಲ್ಲೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೋಗುತ್ತದೆ, ಮಿಕ್ಕಿದ್ದು ನಳಿಗೆಯೊಳಗೆ ಗಟ್ಟಿಯಾಗಿ ಹತ್ತಿಕೊಳ್ಳುತ್ತದೆ.

ಈಗ ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯ ತುಂಡನ್ನು ಒಂದು ಸಲ ಒಳಗೆ ಬಿಟ್ಟು, ತಿರುಗಿಸಿ, ಮೆಲ್ಲಗೆ ಹೊರಗೆ ತೆಗೆಯುತ್ತೇನೆ. ಹಿಂದೆಯೇ ಒಣ ಬಟ್ಟೆ. ಒದ್ದೆ ಅಂದರೆ ತೊಟ್ಟಿಕ್ಕುವಷ್ಟಲ್ಲ, ನೀರು ತಳಕ್ಕಿಳಿದರೆ ಮದ್ದು ಹತ್ತುವುದಿಲ್ಲ. ಗುಂಡಿನ ಬಟ್ಟೆಗೂ ಜಿಡ್ಡು ಸವರುತ್ತೇನೆ.

ಇನ್ನೊಂದು: ಗುಂಡು ಸರಿಯಾಗಿ ಮದ್ದಿನ ಮೇಲೆ ಕೂತಾಗ ಗಜ ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಎಳೆದಿದ್ದೇನೆ. ಗೆರೆ ಬಾಯಿಗೆ ಸಮವಾಗದೆ ಕೇಪು ಮುಟ್ಟುವುದೇ ಇಲ್ಲ. ಮೊನ್ನೆ ಇಪ್ಪತ್ತು ಈಡು ಹೊಡೆದೆ, ಒಂದೂ ಸಿಕ್ಕಿಕೊಳ್ಳಲಿಲ್ಲ.