ಹಳೇ ಕಾರಿಗೂ ಒಂದು ಪಿಗ್ಮಿ ಪುಸ್ತಕ

ನನ್ನ ಕಾರು 2009ರದ್ದು. ಮೀಟರ್ 1,48,000 ಕಿಲೋಮೀಟರ್ ದಾಟಿದೆ. ಬದಿಯಡ್ಕದಿಂದ ಪೆರ್ಲ, ಕಾಸರಗೋಡು, ಆಗಾಗ ಮಂಗಳೂರು ಅಂತ ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಓಡುತ್ತದೆ. ‘ಇದನ್ನು ಮಾರಿ ಹೊಸತು ತೆಗೆಯಬಾರದಾ?’ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಹಳೇ ಕಾರಿಗೆ ಖರ್ಚು ಜಾಸ್ತಿ, ಸುಳ್ಳಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ನಾವು ಬರೆದಿಟ್ಟುಕೊಳ್ಳುವುದಿಲ್ಲ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಮಕ್ಕಳ ಹಳೇ ನೋಟ್‌ಬುಕ್ ಒಂದನ್ನು ಹುಡುಕುವುದು. ಡ್ಯಾಶ್‌ಬೋರ್ಡಿನಲ್ಲಿ ಮುದುಡಿ ಬಿದ್ದಿರುವ ಬಿಲ್ಲುಗಳನ್ನೆಲ್ಲ ತೆಗೆಯಿರಿ. ಕ್ಲಚ್, ಬ್ಯಾಟರಿ, ಟೈರ್, ಬ್ರೇಕ್ ಪ್ಯಾಡ್, ಕೂಲೆಂಟ್ ಯಾವಾಗ, ಎಷ್ಟು ಕಿಲೋಮೀಟರಿಗೆ ಬದಲಾಯಿಸಿದ್ದು ಅಂತ ಬರೆಯಿರಿ. ಬಿಲ್ಲು ಇಲ್ಲದಿದ್ದರೆ ಆ ಕೆಲಸ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ಟೈರಿಗೆ ಮಾತ್ರ ಬಿಲ್ಲು ಬೇಡ. ಅದರ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಬಟನ್, ಅಂದರೆ ರಸ್ತೆಗೆ ತಾಗುವ ಕಡೆಯ ಉಬ್ಬುಗಳು, ಚೆನ್ನಾಗಿ ಉಳಿದಿದ್ದರೂ ಅಷ್ಟು ಹಳೆಯ ರಬ್ಬರನ್ನು ನಮ್ಮ ಮಳೆಯಲ್ಲಿ ನಂಬಲು ನನಗೆ ಧೈರ್ಯ ಇಲ್ಲ.

ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಬೆಲ್ಟ್ ಬಗ್ಗೆ ಬೇರೆಯಾಗಿಯೇ ಕೇಳಿ. ಕೆಲವು ಎಂಜಿನ್‌ಗಳಲ್ಲಿ ಅದರ ಬದಲು ಚೈನ್ ಇರುತ್ತದೆ, ಚಿಂತೆ ಕಡಿಮೆ. ಬೆಲ್ಟ್ ಇರುವ ಎಂಜಿನ್ ಆದರೆ ಕಂಪನಿಯ ಪುಸ್ತಕದಲ್ಲಿ ಎಷ್ಟು ಕಿಲೋಮೀಟರ್ ಅಂತ ಬರೆದಿದೆಯೋ ಅಷ್ಟಕ್ಕೆ ಬದಲಾಯಿಸಲೇಬೇಕು. ಅದು ಓಡುವಾಗ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಆಮೇಲೆ ಬರುವ ಬಿಲ್ಲು ಬೇರೆಯದೇ ಲೆಕ್ಕ.

ಎರಡನೆಯದು, ಇದನ್ನೆಲ್ಲ ಕಿಲೋಮೀಟರಿಗೆ ಹಂಚುವುದು. ನನ್ನ ಪುಸ್ತಕದ ಅಂದಾಜು ಹೀಗಿದೆ. ನಾಲ್ಕು ಟೈರಿಗೆ 16,000 ರೂಪಾಯಿ, 40,000 ಕಿಲೋಮೀಟರ್ ಬಾಳಿಕೆ. ಅಂದರೆ ಕಿಲೋಮೀಟರಿಗೆ 40 ಪೈಸೆ, ತಿಂಗಳಿಗೆ 400 ರೂಪಾಯಿ. ಆಯಿಲ್ ಸರ್ವಿಸ್ 10,000 ಕಿಲೋಮೀಟರಿಗೆ 3,500, ಅಂದರೆ ತಿಂಗಳಿಗೆ 350. ಬ್ಯಾಟರಿ 4,500, ಮೂರು ವರ್ಷಕ್ಕೆ ಭಾಗ ಮಾಡಿದರೆ ತಿಂಗಳಿಗೆ 125. ಕ್ಲಚ್ ಮತ್ತು ಬ್ರೇಕಿಗೆ ಹತ್ತಿರ ಹತ್ತಿರ 200. ಎಲ್ಲ ಸೇರಿ 1,075. ಇದು ಗೊತ್ತಿರುವ ಖರ್ಚು. ಗೊತ್ತಿಲ್ಲದ್ದಕ್ಕೆ ನಾನು ಅಷ್ಟೇ ಮೊತ್ತವನ್ನು ಇನ್ನೊಮ್ಮೆ ಕೂಡಿಸುತ್ತೇನೆ. ಲಕ್ಷ ದಾಟಿದ ಗಾಡಿಯಲ್ಲಿ ಆಲ್ಟರ್ನೇಟರೋ ರೇಡಿಯೇಟರೋ ಯಾವುದಾದರೊಂದು ಕೈ ಕೊಟ್ಟೇ ಕೊಡುತ್ತದೆ. ರೇಟು ನಿಮ್ಮ ಊರಿನದ್ದೇ ಹಾಕಿಕೊಳ್ಳಿ.

ಹೀಗೆ ತಿಂಗಳಿಗೆ 2,150 ಆಯಿತು. ಒಟ್ಟಿಗೆ ತೆಗೆದಿಡಲು ನನ್ನಿಂದ ಆಗುವುದಿಲ್ಲ, ಅದಕ್ಕೆ ಪಿಗ್ಮಿ ಮಾಡಿದ್ದೇನೆ. ದಿನಕ್ಕೆ 70 ರೂಪಾಯಿ. 1928ರಲ್ಲಿ ಉಡುಪಿಯಲ್ಲಿ ಈ ಪಿಗ್ಮಿ ಶುರುವಾದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಚಿಲ್ಲರೆ ಕೂಡಿಸುವ ಆ ಬುದ್ಧಿ ಹಳೇ ಕಾರಿಗೆ ಸರಿಯಾಗಿ ಒಗ್ಗುತ್ತದೆ. ಇನ್ಶೂರೆನ್ಸ್ ಇದರಲ್ಲಿ ಸೇರಿಲ್ಲ. 15 ವರ್ಷ ತುಂಬಿದಾಗಿನ ಆರ್‌ಸಿ ನವೀಕರಣವೂ ಸೇರಿಲ್ಲ. ಅದನ್ನು ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ತಪಾಸಣೆಗೆ ಒಯ್ಯುವ ಮೊದಲಿನ ಪೇಂಟು, ಲೈಟುಗಳ ಕೆಲಸಕ್ಕೂ ಸ್ವಲ್ಪ ಇಟ್ಟುಕೊಳ್ಳಿ.

ಇನ್ನು ವರ್ಕ್‌ಶಾಪ್. ಮೇ ಕೊನೆಗೆ, ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಕಾರನ್ನು ಒಮ್ಮೆ ಎತ್ತಿಸಿ ನೋಡಿಸಿ. ನೋಡಿದ್ದಕ್ಕೆ ದುಡ್ಡು ಕೊಡಿ, ಸುಮ್ನೆ ಪುಕ್ಕಟೆ ನೋಡಿಸಬೇಡಿ. ಸಿಕ್ಕಿದ ದೋಷಗಳನ್ನೆಲ್ಲ ಪುಸ್ತಕದಲ್ಲಿ ಮೂರು ಗುಂಪು ಮಾಡಿ. ಬ್ರೇಕ್, ಸ್ಟೀರಿಂಗ್, ಬಾಲ್ ಜಾಯಿಂಟ್, ಟೈರ್ ಇವತ್ತೇ. ವೈಪರ್, ರೇಡಿಯೇಟರ್ ಹೋಸ್, ಆಯಿಲ್ ಲೀಕ್ ಮಳೆ ಹಿಡಿಯುವ ಮೊದಲು. ಡ್ಯಾಶ್‌ಬೋರ್ಡಿನ ಕಟಕಟ, ಬಣ್ಣ ಹೋದ ಬಂಪರ್ ಎಲ್ಲ ದುಡ್ಡು ಉಳಿದರೆ. ನಮ್ಮಲ್ಲಿ ಹೆಚ್ಚಿನವರು ಕಿವಿಗೆ ಕೇಳುವುದನ್ನು ಮೊದಲು ರಿಪೇರಿ ಮಾಡಿಸುತ್ತಾರೆ. ಬ್ರೇಕ್ ಆಯಿಲ್ ಹಳೆಯದಾದರೆ ಸದ್ದು ಮಾಡುವುದಿಲ್ಲ ಅಲ್ವಾ?

ಒಮ್ಮೆ ಬಿಚ್ಚಿದಾಗ ಎರಡು ಕೆಲಸ ಮುಗಿಸಬೇಕು ಅಂತ ನಾನು ಕಲಿತದ್ದು ದುಡ್ಡು ಕೊಟ್ಟು. ಕ್ಲಚ್ ಪ್ಲೇಟ್ ಹಾಕಿಸುವಾಗ ಮೆಕ್ಯಾನಿಕ್ ಕೇಳಿದ್ದ, ‘ಮಾಷ್ಟ್ರೇ, ಗೇರ್‌ಬಾಕ್ಸ್ ಹೇಗೂ ಇಳಿಸ್ತೇವೆ. ರಿಲೀಸ್ ಬೇರಿಂಗೂ ಹಾಕಿಬಿಡುವನಾ?’ ಹಳೆಯದನ್ನು ಕೈಯಲ್ಲಿ ತಿರುಗಿಸಿ ತೋರಿಸಿದ. ಸಣ್ಣಗೆ ಕರಕರ ಅಂತಿತ್ತು. ಸಾವಿರ ರೂಪಾಯಿ ಉಳಿಸುವ ಆಸೆಗೆ ಬೇಡ ಅಂದೆ. ನಾಲ್ಕು ತಿಂಗಳಲ್ಲಿ ಅದೇ ಬೇರಿಂಗಿಗಾಗಿ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಯಿತು, ಲೇಬರ್ ಮತ್ತೆ ಪೂರ್ತಿ. ಟೈಮಿಂಗ್ ಬೆಲ್ಟ್ ಬದಲಾಯಿಸುವಾಗ ವಾಟರ್ ಪಂಪನ್ನೂ ನೋಡಿ ಅನ್ನುವುದು ಇದಕ್ಕೇ. ಗುಜರಿಯ ಕನ್ನಡಿ, ಬಾಗಿಲಿನ ಹಿಡಿ ಧಾರಾಳ ಹಾಕಿಸಿ. ಬ್ರೇಕ್, ಕ್ಲಚ್, ಬೆಲ್ಟ್ ವಿಷಯದಲ್ಲಿ ಮಾತ್ರ ಒರಿಜಿನಲ್ಲೇ ಆಗಬೇಕು.

ಎಲ್ಲಿಯವರೆಗೆ ಖರ್ಚು ಮಾಡುವುದು? ಮಾರಿದರೆ ಸಿಗುವ ದುಡ್ಡಿನ ಅರ್ಧಕ್ಕಿಂತ ರಿಪೇರಿ ಜಾಸ್ತಿಯಾದರೆ ಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಸ ಕಾರಿನ ಒಂದು ವರ್ಷದ ಸಾಲದ ಕಂತಿನ ಜೊತೆ ಹೋಲಿಸಿ ನೋಡಿ. ಎಂಜಿನ್ ಕೆಲಸ ಕೂಡ ಕೆಲವೊಮ್ಮೆ ಅದಕ್ಕಿಂತ ಅಗ್ಗ. ಆದರೆ ತುಕ್ಕು ಮೇಲಿನ ತಗಡು ದಾಟಿ ಸಸ್ಪೆನ್ಶನ್ ಕೂರುವ ಜಾಗಕ್ಕೆ ಇಳಿದಿದ್ದರೆ ನಾನು ಕೈಬಿಡುತ್ತೇನೆ. ಕುಂಬಳೆ, ಉಪ್ಪಳದ ಕಡೆ ಕಡಲ ಗಾಳಿಗೆ ನಿಲ್ಲುವ ಕಾರುಗಳಲ್ಲಿ ಇದನ್ನು ಮೊದಲು ನೋಡಬೇಕು.

ತುಕ್ಕಿಗೆ ದುಡ್ಡಿಲ್ಲದ ಒಂದು ಮದ್ದಿದೆ. ಬಾಗಿಲಿನ ಅಡಿ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು, ತರಗೆಲೆ ಕೂತು ಅವು ಮುಚ್ಚಿಹೋಗುತ್ತವೆ. ಹಿಡಿಸೂಡಿಯ ಒಂದು ಕಡ್ಡಿ ಮುರಿದು ಮೆಲ್ಲಗೆ ಆಡಿಸಿ. ನನ್ನ ಕಾರಿನ ಎಡಬಾಗಿಲಿನಿಂದ ಮೊನ್ನೆ ಒಂದು ಚೊಂಬು ಕೆಂಪು ನೀರು ಇಳಿಯಿತು.