ಸಿಗದ ಸ್ಪೇರ್ ಮೊದಲು ನೋಡಿ: ಥಾರ್ ಬಿಟ್ಟು ಡಸ್ಟರ್ ತಂದ ನನ್ನ ಅನುಭವ

ಗಾಡಿ ತಂದ ಮೇಲೆ ಇದು ಮೂರನೇ ಮಳೆಗಾಲ. ಹೊಸನಗರ ತಾಲ್ಲೂಕಿನಲ್ಲಿ, ನಗರದ ಕಡೆ ಮನೆ ಅಂದ ಮೇಲೆ ಮಳೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಟಾರ್ ರಸ್ತೆ ಬಿಟ್ಟರೆ ಮನೆಗೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ. ಹಳ್ಳ ದಾಟಿದ ಕೂಡಲೇ ಏರು, ಏರಿನ ಮಧ್ಯದಲ್ಲೇ ತಿರುವು. ಈ ದಾರಿಗೆ ಹಳೇ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ) ತರುತ್ತೇನೆ ಅಂದಾಗ ನಕ್ಕವರೇ ಜಾಸ್ತಿ.

"ಅದು ಪೇಟೆ ಗಾಡಿ ಮಾರಾಯಾ. ಮೊದಲ ಮಳೆಗೇ ಹಳ್ಳದಲ್ಲಿ ಬಿಟ್ಟು ನಡ್ಕೊಂಡು ಬರ್ತೀಯ" ಅಂದರು ನಮ್ಮ ಭಾವ. ಊರಿನ ಮೆಕ್ಯಾನಿಕ್ ಅಂತೂ "ಅದರ ಬಾನೆಟ್ ನಾನು ಎತ್ತಲ್ಲ" ಎಂದು ಮುಂಚೆಯೇ ಹೇಳಿಬಿಟ್ಟ. ಈಗ ಅದರ ಆಯಿಲ್ ಬದಲಿಸುವವನು ಅವನೇ.

ಮೊದಲು ನನ್ನ ಹತ್ತಿರ ಟೂ ವೀಲ್ ಡ್ರೈವ್ ಬೊಲೆರೊ ಇತ್ತು. ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಚೈನ್ ಸುತ್ತಿ ಓಡಿಸುತ್ತಿದ್ದೆ, ನಮ್ಮ ಕಡೆ ಜೀಪಿನವರು ಮಾಡುವ ಹಾಗೆ. ಏರು ಹತ್ತುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಾರ್ ರಸ್ತೆ ಸಿಕ್ಕಿದ ತಕ್ಷಣ ಇಳಿದು ಚೈನ್ ಬಿಚ್ಚಬೇಕು, ವಾಪಸ್ ಬರುವಾಗ ಮತ್ತೆ ಕಟ್ಟಬೇಕು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತ, ಸುಣ್ಣ ಅಂತ ಪೇಟೆಗೆ ಓಡಾಟ ಇದ್ದೇ ಇರುತ್ತದೆ. ಕೊನೆಗೆ ಚೈನು ಟಯರಿನ ಒಳಬದಿಯನ್ನೇ ಕೊರೆದುಹಾಕಿತು. ಚೈನ್ ಬದಲು ತೆಂಗಿನ ಹಗ್ಗ ಸುತ್ತಿ ನೋಡಿದ್ದೂ ಉಂಟು. ಹಳ್ಳ ದಾಟುವುದರೊಳಗೆ ಅದು ನಾರು ನಾರಾಗಿತ್ತು.

ಬಜೆಟ್ ಎಂಟು ಲಕ್ಷ. ಗಮನಿಸಿ, ಎಂಟು ಲಕ್ಷ ಗಾಡಿಗಲ್ಲ. ಗಾಡಿ ಮತ್ತು ಮೊದಲ ವರ್ಷದ ರಿಪೇರಿ ಎರಡೂ ಸೇರಿ. ಹಳೇ ಫೋರ್ ಬೈ ಫೋರ್ (ನಾಲ್ಕೂ ಚಕ್ರ ಎಳೆಯುವ ಗಾಡಿ) ತೆಗೆದುಕೊಳ್ಳುವ ಹೆಚ್ಚಿನವರು ಇರುವ ದುಡ್ಡನ್ನೆಲ್ಲ ಗಾಡಿಗೇ ಸುರಿದು, ಆಮೇಲೆ ಟಯರಿಗೆ ಸೊಸೈಟಿ ಸಾಲ ಕೇಳುತ್ತಾರೆ.

ಜಿಪ್ಸಿ ನೋಡಿದೆ. ಹಗುರ ಗಾಡಿ, ಕೆಸರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಪೆಟ್ರೋಲು, ನಾಲ್ಕೂ ಕಡೆ ಕಬ್ಬಿಣದ ಪಟ್ಟಿಗಳ ಪಟ್ಟಾ ಸಸ್ಪೆನ್ಷನ್, ನನಗೆ ಸಿಕ್ಕಿದ್ದಕ್ಕೆ ಹದಿನೈದು ವರ್ಷ ತುಂಬಲು ಸ್ವಲ್ಪವೇ ಬಾಕಿ. ಅಪ್ಪನನ್ನು ಆಗಾಗ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಜಿಪ್ಸಿಯಲ್ಲಿ ಬಾಳೆಬರೆ ಘಾಟಿ ಇಳಿಸಿದರೆ ಅವರ ಬೆನ್ನು ಆಸ್ಪತ್ರೆಯವರಿಗೂ ಸರಿಮಾಡಲು ಆಗುತ್ತಿರಲಿಲ್ಲ. ಸಫಾರಿ ಫೋರ್ ಬೈ ಫೋರ್ ನಮ್ಮ ತಿರುವಿಗೆ ಉದ್ದವಾಯಿತು. ಕೊನೆಗೆ ಉಳಿದಿದ್ದು ಎರಡು: 2016ರ ಮಹೀಂದ್ರ ಥಾರ್ ಸಿಆರ್‌ಡಿಇ (ಅದೂ ಡೀಸೆಲ್ಲೇ), 2015ರ ಡಸ್ಟರ್ ಆಲ್ ವೀಲ್ ಡ್ರೈವ್ ಡೀಸೆಲ್.

ಕಾಗದದ ಮೇಲೆ ಥಾರ್ ಗೆಲ್ಲುತ್ತದೆ. ಮುಂದೆ ಹಿಂದೆ ಎರಡೂ ಕಡೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆ, ಏರಿಗೆ ಎಳೆತ ಹೆಚ್ಚಿಸುವ ಲೋ ಗೇರ್ ಇದೆ. 2015ರಲ್ಲಿ ಬದಲಾದ ಮಾಡೆಲ್‌ನಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗೇ ಲಾಕ್ ಆಗುವ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳು) ಕೂಡ ಕೊಟ್ಟರು. ಸ್ಪೇರ್ ಹೊಸನಗರದಲ್ಲಿ ಸಿಗದಿದ್ದರೆ ಸಾಗರದಲ್ಲಿ, ಸಾಗರದಲ್ಲೂ ಇಲ್ಲದಿದ್ದರೆ ಶಿವಮೊಗ್ಗದಲ್ಲಿ. ಡಸ್ಟರ್‌ಗೆ ಲೋ ಗೇರ್ ಇಲ್ಲ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ಕರೆಂಟಿನಿಂದ ಹಿಡಿಯುವ ಒಂದು ಕಪ್ಲಿಂಗ್ ಮೂಲಕ. ಅದು ಕೆಟ್ಟರೆ ಶಿವಮೊಗ್ಗದಲ್ಲಿ ಯಾರೂ ಕೈ ಹಾಕುವುದಿಲ್ಲ.

ನನ್ನ ಲೆಕ್ಕ ಶುರುವಾಗಿದ್ದೇ ಇಲ್ಲಿಂದ. ನಂಬಿಕೆಯ ಗಾಡಿ ಯಾವುದು ಎಂದು ಕೇಳಿದರೆ ಎಲ್ಲರೂ ಕಂಪನಿ ಹೆಸರು ಹೇಳುತ್ತಾರೆ. ನಾನು ಕೇಳಿಕೊಂಡಿದ್ದು ಬೇರೆ: ಈ ಗಾಡಿಯಲ್ಲಿ ನನಗೆ ಸಿಗದೇ ಇರುವ ಪಾರ್ಟು ಯಾವುದು? ಅದೊಂದು ಗಟ್ಟಿಯಾಗಿದ್ದರೆ ಸಾಕು. ಸಿಗುವ ಪಾರ್ಟು ಹೋಗಿದ್ದರೆ ಒಳ್ಳೆಯದೇ, ರೇಟಲ್ಲಿ ಕಡಿಮೆ ಮಾಡಿಸಬಹುದು.

ಡಸ್ಟರ್ ಇಂಜಿನ್ ಕೆ9ಕೆ, 1461 ಸಿಸಿ. ಅದೇ ಇಂಜಿನ್ ಡಸ್ಟರಿನದೇ ಜೋಡಿ ಗಾಡಿ ನಿಸಾನ್ ಟೆರಾನೊದಲ್ಲಿದೆ, ಲಾಜಿಯಲ್ಲಿದೆ, ಡೀಸೆಲ್ ಸನ್ನಿ, ಮೈಕ್ರಾದಲ್ಲೂ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಒಂದು ಫೋನ್ ಮಾಡಿದರೆ ರಾತ್ರಿ ಬಸ್ಸಿಗೆ ಪಾರ್ಸಲ್ ಬರುತ್ತದೆ. (ಯಾವ ಅಂಗಡಿ ಅಂತ ಕೇಳಬೇಡಿ. ಹೇಳಿದರೆ ನನಗೇ ರೇಟು ಜಾಸ್ತಿ ಮಾಡುತ್ತಾನೆ.) ಸಿಗದೇ ಇರುವುದು ಹಿಂದಿನ ಕಪ್ಲಿಂಗ್, ಹಿಂದಿನ ಡಿಫರೆನ್ಷಿಯಲ್, ಅಲ್ಲಿಗೆ ಹೋಗುವ ಶಾಫ್ಟ್. ಟೆರಾನೊ ನಮ್ಮಲ್ಲಿ ಫೋರ್ ವೀಲ್ ಬರಲೇ ಇಲ್ಲ, ಹಾಗಾಗಿ ಅದರಿಂದ ಕಳಚಿ ಹಾಕುವ ದಾರಿಯೂ ಇಲ್ಲ. 2020ರಲ್ಲಿ ಡೀಸೆಲ್ ಡಸ್ಟರೇ ನಿಂತುಹೋಯಿತು.

ಥಾರ್‌ನಲ್ಲಿ ಸಿಗದೇ ಇರುವುದು ಒಂದೇ, ಅದು ಚಾಸಿ, ಗಾಡಿ ಕೂರುವ ಕಬ್ಬಿಣದ ಅಡಿಚೌಕಟ್ಟು.

ಆ ಥಾರ್ ಕೆಎ 20, ಉಡುಪಿ ಕಡೆಯದು. ನೋಡಲು ಬಲು ಜೋರು. ದೊಡ್ಡ ಟಯರು, ಸ್ನಾರ್ಕೆಲ್, ಮೇಲೊಂದು ಸಾಲು ಲೈಟು. ಹೇಳಿದ್ದು ಏಳೂ ಮುಕ್ಕಾಲು. ಗಾಡಿ ಕೆಳಗೆ ಚಾಪೆ ಹಾಸಿ ಮಲಗಿದೆ. ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ಕೆಳಗೆ ಹೊಸ ಬಣ್ಣ ಕಂಡರೆ ನನಗೆ ಅನುಮಾನ ಬರುತ್ತದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ಚಾಸಿ ಉದ್ದಕ್ಕೂ ತಟ್ಟುತ್ತಾ ಹೋದೆ. ಟಣ್, ಟಣ್, ಟಣ್. ಹಿಂದಿನ ಪಟ್ಟಾ ಕೂರುವ ಕಡೆ ಬಂದಾಗ ಸದ್ದು ಸತ್ತುಹೋಯಿತು. ತುದಿಯಿಂದ ಒತ್ತಿದರೆ ಬಣ್ಣದ ಜೊತೆ ಕೆಂಪು ಪದರ ಉದುರಿ ಕಣ್ಣಿಗೇ ಬಿತ್ತು. ಕಡಲ ಉಪ್ಪು ಗಾಳಿಯ ಕೆಲಸ ಅದು. ನಮ್ಮ ಮಳೆಯಲ್ಲಿ ಗಾಡಿಗೆ ಪಾಚಿ ಹಿಡಿದರೂ ಕಬ್ಬಿಣ ಹಾಗೆ ಪದರ ಪದರವಾಗಿ ಏಳುವುದಿಲ್ಲ.

ಆಮೇಲೆ ಡಿಫರೆನ್ಷಿಯಲ್‌ನ ಪ್ಲಗ್ ಸ್ವಲ್ಪ ಸಡಿಲಿಸಿ ಬೆರಳಿಗೆ ಆಯಿಲ್ ತೆಗೆದುಕೊಂಡೆ. ಹಾಲು ಜಾಸ್ತಿಯಾದ ಕಾಫಿ ಬಣ್ಣ. ನೀರು ಹೊಕ್ಕಿದೆ ಅಂತ ಅರ್ಥ. ಹಳ್ಳಕ್ಕೆ ಇಳಿಸಿ ಆಟ ಆಡಿದ್ದಾರೆ, ಆಮೇಲೆ ಆಯಿಲ್ ಬದಲಿಸಿಲ್ಲ. ಬೇರಿಂಗ್ ಬೇಕಾದರೆ ಬದಲಿಸಬಹುದು. ಚಾಸಿ ಬದಲಿಸಲು ಆಗುತ್ತದಾ? ಬ್ರೋಕರ್ ಕಾಲು ಲಕ್ಷದ ಮೇಲೆ ಒಂದು ರೂಪಾಯಿ ಬಿಡಲಿಲ್ಲ. ನಾನೂ ಚಾಪೆ ಮಡಿಸಿಕೊಂಡು ಬಂದೆ.

ಥಾರ್ ಅಭಿಮಾನಿಗಳು ಕೋಪಿಸಿಕೊಳ್ಳಬೇಡಿ. ಶಿರಸಿ ಕಡೆಯದೋ, ಚಿಕ್ಕಮಗಳೂರು ಕಡೆಯದೋ ಒಳ್ಳೆ ಥಾರ್ ಸಿಕ್ಕಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ. ಆದರೂ ಹಿಂದೆ ಎದುರು ಬದುರು ಬೆಂಚಿನಲ್ಲಿ ಅಮ್ಮ, ಹೆಂಡತಿಯನ್ನು ಕೂರಿಸಿಕೊಂಡು ಘಾಟಿ ಇಳಿಯುವುದು ನನಗಂತೂ ಬೇಡ.

ಡಸ್ಟರ್ ಕೆಎ 18, ಚಿಕ್ಕಮಗಳೂರು ಕಡೆಯದು. ಎಸ್ಟೇಟಿನವರ ಗಾಡಿ, ಒಬ್ಬರೇ ಓನರ್, 95 ಸಾವಿರ ಚಿಲ್ಲರೆ ಓಡಿತ್ತು. ಮೀಟರ್ ನಂಬಲಿಲ್ಲ, ಬಿಲ್ ಫೈಲ್ ನಂಬಿದೆ. ಫೈಲಿನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇರಲಿಲ್ಲ. ಈ ಇಂಜಿನ್ನಿಗೆ ಚೈನ್ ಅಲ್ಲ, ಬೆಲ್ಟು. ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹೋಗುತ್ತದೆ. ಕ್ಲಚ್ಚೂ ತುಂಬಾ ಮೇಲೆ ಹಿಡಿಯುತ್ತಿತ್ತು, ಸವೆದಿದೆ ಅಂತ ಅರ್ಥ. ಬೇರೆಯವರು ಇಷ್ಟಕ್ಕೇ ಓಡಿಹೋಗುತ್ತಿದ್ದರು. ನನಗೆ ಖುಷಿಯಾಯಿತು. ಎರಡೂ ಸಿಗುವ ಪಾರ್ಟು!

ಹಿಂದಿನ ಕಪ್ಲಿಂಗ್ ನೋಡಲು ನಾನು ಮನೆಯಿಂದಲೇ ಅಡಿಕೆ ಹಾಳೆ ಒಯ್ದಿದ್ದೆ. ರಾತ್ರಿಯೆಲ್ಲ ನೀರಲ್ಲಿ ನೆನೆಸಿದ್ದು. ಅವರ ಕಣದ ಪಕ್ಕ ಸಣ್ಣ ಏರಿತ್ತು. ಮುಂದಿನ ಎರಡೂ ಚಕ್ರದ ಕೆಳಗೆ ಹಾಳೆಯ ನುಣುಪು ಭಾಗ ಮೇಲೆ ಬರುವ ಹಾಗೆ ಹಾಸಿದೆ. ಡ್ರೈವ್ ಆರಿಸುವ ತಿರುಗುವ ಗುಂಡಿಯನ್ನು ಟೂ ವೀಲ್‌ಗೆ ಇಟ್ಟು ಬಿಟ್ಟಾಗ ಮುಂದಿನ ಚಕ್ರ ಹಾಳೆ ಮೇಲೆ ಸುಮ್ನೆ ತಿರುಗಿತು, ಗಾಡಿ ನಿಂತಲ್ಲೇ. ಗುಂಡಿಯನ್ನು ಲಾಕ್‌ಗೆ, ಅಂದರೆ ಹಿಂದಿನ ಚಕ್ರಕ್ಕೂ ಶಕ್ತಿ ಹೋಗುವ ಹಾಗೆ ತಿರುಗಿಸಿ ಮತ್ತೆ ಮೆಲ್ಲಗೆ ಕ್ಲಚ್ ಬಿಟ್ಟೆ. ಹಿಂದಿನಿಂದ ಯಾರೋ ದೂಡಿದ ಹಾಗೆ ಎದ್ದು ಹೋಯಿತು. ಆಟೋದಲ್ಲಿ ಇಟ್ಟಾಗ ಅರ್ಧ ಸುತ್ತು ಜಾರಿ ಆಮೇಲೆ ಹಿಡಿಯಿತು, ಅದೂ ಸರಿಯೇ. ಎಸ್ಟೇಟಿನ ಡ್ರೈವರ್ ಹಾಳೆ ನೋಡಿ "ಏನ್ ಸಾರ್, ಪೂಜೆನಾ?" ಅಂದ. ಇನ್ನೊಂದು ಪರೀಕ್ಷೆಯೂ ಮಾಡಿದೆ, ಕಪ್ಲಿಂಗ್ ಬಿಸಿಯಾದ ಮೇಲೆ ಮಾಡುವುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಬ್ರೋಕರ್‌ಗಳೂ ಓದುತ್ತಾರೆ.

ಆರು ಲಕ್ಷ ನಲವತ್ತು ಸಾವಿರ ಹೇಳಿದ್ದರು. ಬೆಲ್ಟು, ಕ್ಲಚ್ಚು, ಟಯರು ಮೂರನ್ನೂ ಎದುರಿಗಿಟ್ಟು ಐದು ಅರವತ್ತಕ್ಕೆ ಮುಗಿಸಿದೆ.

ಈಗ ಖರ್ಚು. ನೆನಪಿನಿಂದ ಹೇಳುತ್ತಿದ್ದೇನೆ, ಸಾವಿರ ಎರಡು ಸಾವಿರ ಆಚೆ ಈಚೆ ಇರಬಹುದು. ಟೈಮಿಂಗ್ ಬೆಲ್ಟ್ ಕಿಟ್, ಅದರ ಜೊತೆ ವಾಟರ್ ಪಂಪ್, ಕೂಲಿ ಸೇರಿ ಹದಿನೇಳು ಸಾವಿರ. ಕ್ಲಚ್ಚು ಐವತ್ತೈದು. ಇದು ನೋವಾಗಿದ್ದು. ಈ ಗಾಡಿಯ ಫ್ಲೈವೀಲ್ ಎರಡು ತುಂಡಿನದು, ಒಳಗೆ ಸ್ಪ್ರಿಂಗ್ ಇರುತ್ತದೆ. ಕ್ಲಚ್ ಪ್ಲೇಟ್ ಮಾತ್ರ ಹಾಕಿಸಿ ಅದನ್ನು ಹಾಗೇ ಬಿಟ್ಟರೆ ಆರು ತಿಂಗಳಿಗೆ ಮತ್ತೆ ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ. ಶಿವಮೊಗ್ಗದಲ್ಲಿ ಒಂದು ಗ್ಯಾರೇಜಿನವರು ಹಳೇದನ್ನೇ ಲೇತಿಗೆ ಕೊಟ್ಟು ಸರಿಮಾಡುತ್ತೇವೆ ಎಂದರು. ನಮಸ್ಕಾರ ಹೇಳಿ ಬಂದೆ. ನಾಲ್ಕು ಟಯರು ಮೂವತ್ನಾಲ್ಕು. ಆಯಿಲ್, ಬ್ರೇಕ್ ಪ್ಯಾಡ್ ಹನ್ನೆರಡು. ವೈರಿಂಗ್ ಎಂಟು, ಅದರ ಕಥೆ ಮುಂದೆ ಇದೆ. ಒಟ್ಟು ಒಂದೂಕಾಲು ಲಕ್ಷ. ಎಂಟಕ್ಕೆ ಇನ್ನೂ ಒಂದು ಲಕ್ಷ ಉಳಿದಿತ್ತು. ಅದು ಅಡಿಕೆ ಒಣಗಿಸುವ ಶೀಟಿಗೆ ಹೋಯಿತು.

ಟಯರ್ ವಿಷಯದಲ್ಲಿ ಒಂದು ಮಾತು. ನಾಲ್ಕೂ ಒಂದೇ ಕಂಪನಿ, ಒಂದೇ ಸವೆತ ಇರಬೇಕು. ಮುಂದೆ ಹೊಸದು, ಹಿಂದೆ ಹಳೇದು ಅಂತ ಹಾಕಿದರೆ ಸುತ್ತಳತೆ ಬೇರೆಯಾಗಿ ಕಪ್ಲಿಂಗ್ ಸುಮ್ಮನೆ ಒದ್ದಾಡುತ್ತದೆ. ಟಯರ್ ಅಂಗಡಿಯವನು "ಎರಡು ಹಾಕಿಸಿ ಸಾಕು" ಎಂದು ಹೇಳಿಯೇ ಹೇಳುತ್ತಾನೆ. ಕೇಳಬೇಡಿ. ನಾನು ಮಣ್ಣಿಗೂ ಟಾರಿಗೂ ಆಗುವ ಆಲ್ ಟೆರೇನ್ ಟಯರು ಹಾಕಿಸಿದೆ. ಮೈಲೇಜ್ ಒಂದೂವರೆ ಬಿತ್ತು, ಈಗ ನಮ್ಮ ರಸ್ತೆಯಲ್ಲಿ ಹದಿಮೂರೂವರೆ, ಹದಿನಾಲ್ಕು ಕೊಡುತ್ತದೆ. ಗಾಳಿ ಮೂವತ್ಮೂರು ಪಿಎಸ್‌ಐ ಇರುವುದನ್ನು ಜಡಿಮಳೆ ದಿನ ಇಪ್ಪತ್ನಾಲ್ಕಕ್ಕೆ ಇಳಿಸುತ್ತೇನೆ. ಹದಿನೆಂಟಕ್ಕೂ ಇಳಿಸಿ ನೋಡಿದೆ. ಏರು ಇನ್ನೂ ಚೆನ್ನಾಗಿ ಹತ್ತುತ್ತದೆ, ಆದರೆ ತಿರುವಿನ ಕಲ್ಲಿಗೆ ರಿಮ್ ತಾಗಿತು.

ಲೋ ಗೇರ್ ಇಲ್ಲ ಅಂತ ಹೆದರಿಸಿದವರಿಗೆ: ಈ ಮಾಡೆಲ್ಲಿನ ಫಸ್ಟ್ ಗೇರ್ ತುಂಬಾ ಗಿಡ್ಡ. ಸಾವಿರ ಆರ್‌ಪಿಎಂನಲ್ಲಿ ಗಂಟೆಗೆ ಆರು ಕಿಲೋಮೀಟರ್ ಆಸುಪಾಸು ತೆವಳುತ್ತದೆ. ಟಾರ್ ರಸ್ತೆಯಲ್ಲಿ ನಾನು ಸೆಕೆಂಡಿನಲ್ಲೇ ಎತ್ತುವುದು. ಏರಿಗೆ ಫಸ್ಟ್, ಲಾಕ್, ಕಾಲು ಆಕ್ಸಲರೇಟರ್ ಮೇಲೆ ಒಂದೇ ಸಮ. ಘಾಟಿಯಲ್ಲಿ ಆಟೋ. ಅಲ್ಲಿ ಒಂದು ತಿರುವು ಒದ್ದೆ, ಮುಂದಿನದು ಒಣಗಿರುತ್ತದೆ. ಥಾರ್ ಆಗಿದ್ದರೆ ಫೋರ್ ಹೈ (ಲೋ ಗೇರ್ ಇಲ್ಲದೆ ನಾಲ್ಕೂ ಚಕ್ರ) ಹಾಕಿಕೊಂಡು ಒಣ ಟಾರಿನಲ್ಲಿ ತಿರುಗಿಸುವ ಹಾಗಿಲ್ಲ, ಗೇರುಗಳೆಲ್ಲ ಬಿಗಿದುಕೊಳ್ಳುತ್ತವೆ. ಇಲ್ಲಿ ಆ ತಲೆನೋವಿಲ್ಲ.

ಸೋತದ್ದೂ ಇದೆ. ಪಕ್ಕದ ಮನೆಯ ಪಿಕಪ್ ಅಡಿಕೆ ಲೋಡಿನ ಜೊತೆ ಹೂತಿತ್ತು, ಹಗ್ಗ ಕಟ್ಟಿ ಎಳೆದೆ. ಅರ್ಧ ಮೇಲೆ ಬಂದಿತು ಅನ್ನುವಾಗ ಲೈಟ್ ಮಿಣುಕಿ ಹಿಂದಿನ ಚಕ್ರ ಕೆಲಸ ನಿಲ್ಲಿಸಿತು. ಕಪ್ಲಿಂಗ್ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ಹಾಗೆ ಬಿಟ್ಟುಬಿಡುತ್ತದೆ. ಎಲೆ ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಕಾದರೆ ಮತ್ತೆ ಹಿಡಿಯುತ್ತದೆ. ಪಿಕಪ್ ಕೊನೆಗೆ ಮೇಲೆ ಬಂದಿದ್ದು ಟ್ರ್ಯಾಕ್ಟರ್‌ನಿಂದ. ಭಾವನಿಗೆ ಇದೊಂದು ಸಿಕ್ಕಿತು, ಇವತ್ತಿಗೂ ಹೇಳುತ್ತಾರೆ.

ಹಿಂದಿನ ಡಿಫರೆನ್ಷಿಯಲ್ ಆಯಿಲ್ ಬದಲಿಸುವ ಅಗತ್ಯವೇ ಇಲ್ಲ ಎಂದು ಸರ್ವಿಸ್ ಸೆಂಟರಿನಲ್ಲಿ ಹೇಳಿದರು. ನಾನು ಪ್ರತಿ ದೀಪಾವಳಿ ಹೊತ್ತಿಗೆ ಬದಲಿಸುತ್ತೇನೆ. ಮೊದಲ ಸಲ ಇಳಿಸಿದಾಗ ಕಪ್ಪಗೆ ಬಂತು, ಬೆರಳಲ್ಲಿ ಉಜ್ಜಿದರೆ ಬೆಳ್ಳಿ ಬಣ್ಣದ ನುಣ್ಣನೆ ಪುಡಿ. ಎರಡನೇ ಸಲ ಪುಡಿ ಇಲ್ಲ. ಡಿಫರೆನ್ಷಿಯಲ್ ಗಾಳಿ ಬಿಡುವ ಬ್ರೀದರ್‌ಗೆ ಉದ್ದ ಹೋಸ್ ಹಾಕಿ ಮೇಲಕ್ಕೆ ಎತ್ತಿದ್ದೇನೆ, ಹಳ್ಳದ ನೀರು ಹೋಗಬಾರದಲ್ವಾ.

ಇನ್ನು ವೈರಿಂಗ್ ಕಥೆ. ಇಲಿ! ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವವರಿಗೆ ಗೊತ್ತು. ಒಂದು ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಇರುವ ಲೈಟೆಲ್ಲ ಹತ್ತಿತು. ಎಲ್ಲರೂ ಕಪ್ಲಿಂಗ್ ಹೋಯಿತು ಅಂದರು, ಭಾವ ಫೋನ್ ಮಾಡಿ ಸಮಾಧಾನ ಬೇರೆ ಹೇಳಿದರು. ನೋಡಿದರೆ ಸೆನ್ಸರ್ ವೈರ್ ಕಡಿದಿತ್ತು. ನುಸಿ ಗುಳಿಗೆ ಕಟ್ಟಿದೆ, ಇಲಿ ಲೆಕ್ಕಕ್ಕೇ ಇಡಲಿಲ್ಲ. ಹೊಗೆಸೊಪ್ಪು ಕಟ್ಟಿದೆ, ಒಂದು ವಾರ ತಡೆಯಿತು, ಮಳೆ ತೇವಕ್ಕೆ ಘಾಟು ಹೋಯಿತು. ಈಗ ರಾತ್ರಿ ಬಾನೆಟ್ ಎತ್ತಿಟ್ಟು, ಮೇಲೆ ಒಂದು ಎಲ್‌ಇಡಿ ಬಲ್ಬ್ ಉರಿಸುತ್ತೇನೆ. ಆಮೇಲೆ ಕಡಿದಿಲ್ಲ. ಮನೆಗೆ ಬಂದವರು ಗಾಡಿ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಪರವಾಗಿಲ್ಲ.

ಮುಂದಿನ ಖರ್ಚು ಹಿಂದಿನ ಸಸ್ಪೆನ್ಷನ್ ಬುಷ್. ಕಿರುಗುಟ್ಟುತ್ತಿದೆ, ಹದಿನಾಲ್ಕು ಸಾವಿರ ಹೇಳಿದ್ದಾರೆ, ಅಡಿಕೆ ಕೊಟ್ಟ ಮೇಲೆ ಮಾಡಿಸುವುದು. ಅದಕ್ಕಿಂತ ಮುಂಚೆ ಗುಜರಿಗೆ ಬಿದ್ದ ಆಲ್ ವೀಲ್ ಡ್ರೈವ್ ಡಸ್ಟರಿನ ಹಿಂದಿನ ಕಪ್ಲಿಂಗ್, ಡಿಫರೆನ್ಷಿಯಲ್ ಸಮೇತ ಒಂದು ಸೆಟ್ ಹುಡುಕುತ್ತಿದ್ದೇನೆ, ಅಟ್ಟದ ಮೇಲೆ ಇಟ್ಟುಕೊಳ್ಳಲು. ಮುಂದೆ ಗುದ್ದಿದ ಗಾಡಿಯದ್ದಾದರೆ ಒಳ್ಳೆಯದು, ಹಿಂದೆ ಗುದ್ದಿದ್ದು ಬೇಡ. ಮೂವತ್ತು ಸಾವಿರದವರೆಗೆ ಕೊಡುತ್ತೇನೆ. ಯಾರ ಕಣ್ಣಿಗಾದರೂ ಬಿದ್ದರೆ ತಿಳಿಸಿ.