ಏಳನೇ ದಿನ ಕಂಡ ಬಿಳಿ ಚುಕ್ಕೆ

ನಾನು ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತೇನೆ. ಅದರಲ್ಲೂ ರೈಜೋಬಿಯಂ ಗುಂಪಿನವು, ಅಂದ್ರೆ ಕಾಳಿನ ಗಿಡಗಳ ಬೇರಲ್ಲಿ ಗಂಟು ಕಟ್ಟಿಕೊಂಡು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವಂಥವು. ಇಪ್ಪತ್ತೆರಡು ವರ್ಷ ಆಯ್ತು. ಈ ಕೆಲಸಕ್ಕೆ ಹೇಗೆ ಬಂದಿರಿ, ದಿನಾ ಏನು ಮಾಡ್ತೀರಿ ಅಂತ ಕೃಷಿ ಓದುವ ಮಕ್ಕಳು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ಗದಗ ಕಡೆಯ ಹಳ್ಳಿ. ಮುಂಗಾರಿಗೆ ಹೆಸರು, ಶೇಂಗಾ, ಹಿಂಗಾರಿಗೆ ಎರೆಹೊಲದಲ್ಲಿ ಕಡಲೆ, ಜೋಳ. ಶೇಂಗಾ ಕೀಳುವಾಗ ಬೇರಿನ ತುಂಬಾ ಸಾಸಿವೆ ಗಾತ್ರದ ಗಂಟುಗಳು ಇರುತ್ತಿದ್ದವು. ಇದು ರೋಗ ಏನಪ್ಪಾ ಅಂತ ಕೇಳಿದ್ದೆ. "ಗೊತ್ತಿಲ್ಲವ್ವಾ, ನಮ್ಮಪ್ಪನ ಕಾಲದಿಂದಲೂ ಅದಾವು, ಬೆಳಿಗೆ ಏನೂ ಆಗಿಲ್ಲ" ಅಂದರು ಅಪ್ಪ. ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಬಿಎಸ್ಸಿಗೆ ಸೇರಿದ ಮೇಲೆ ಒಂದು ಪ್ರಾಕ್ಟಿಕಲ್‌ನಲ್ಲಿ ಅದೇ ಗಂಟನ್ನು ಬ್ಲೇಡಿನಿಂದ ಕೊಯ್ದು ನೋಡಿದೆ. ಒಳಗೆ ಮಾಂಸದ ಹಾಗೆ ಕೆಂಪು! ಗಿಡದೊಳಗೆ ಅಂಥ ಬಣ್ಣ ಅದೇ ಮೊದಲು ನೋಡಿದ್ದು. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ, ಆದರೆ ಆಮ್ಲಜನಕ ಪೂರ್ತಿ ಇಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಉಸಿರೇ ಇಲ್ಲ. ಈ ಕೆಂಪು ಪದಾರ್ಥ ಎಷ್ಟು ಬೇಕೋ ಅಷ್ಟನ್ನೇ ಅಳೆದು ಕೊಡುತ್ತದೆ. ಇದು ತಿಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಎಸ್ಸಿಗೆ ಕೃಷಿ ಸೂಕ್ಷ್ಮಜೀವಿ ಶಾಸ್ತ್ರವೇ ಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಎಂಎಸ್ಸಿಯಲ್ಲಿ ನನ್ನ ಕೆಲಸ ಶೇಂಗಾ ಗಂಟಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸುವುದು. ಹಾಲೆಂಡಿನ ವಿಜ್ಞಾನಿ ಬೈಯೆರಿಂಕ್ 1888ರಲ್ಲೇ ಬೇರುಗಂಟಿನಿಂದ ಇವನ್ನು ಬೇರ್ಪಡಿಸಿ ಬೆಳೆಸಿದ್ದರು, ಹಾಗಾಗಿ ದಾರಿ ಹಳೆಯದೇ. ಗಂಟನ್ನು ತೊಳೆದು, ಶೇ 70ರ ಆಲ್ಕೋಹಾಲ್‌ನಲ್ಲಿ ಅರ್ಧ ನಿಮಿಷ, ಆಮೇಲೆ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣದಲ್ಲಿ ಮೂರ್ನಾಲ್ಕು ನಿಮಿಷ ಇಟ್ಟು, ಆಟೋಕ್ಲೇವ್‌ನಲ್ಲಿ, ಅಂದ್ರೆ ಒತ್ತಡದ ಹಬೆಯಲ್ಲಿ ಕಾಯಿಸಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದ ನೀರಿನಲ್ಲಿ ಐದಾರು ಸಲ ಜಾಲಿಸಬೇಕು. ಹೊರಗಿನ ಬ್ಯಾಕ್ಟೀರಿಯಾ ಸಾಯಬೇಕು, ಒಳಗಿನದು ಉಳಿಯಬೇಕು. ನಂತರ ಗಂಟನ್ನು ಜಜ್ಜಿ, ಆ ರಸವನ್ನು ಪ್ಲೇಟಿನ ಮೇಲೆ ಲೂಪ್ ಎಂಬ ತಂತಿಯ ಉಂಗುರದಿಂದ ಗೀರಬೇಕು. ಪ್ಲೇಟಿನಲ್ಲಿರುವುದು ಬ್ಯಾಕ್ಟೀರಿಯಾಕ್ಕೆ ಆಹಾರ: ಸಕ್ಕರೆಯಂಥ ಮ್ಯಾನಿಟಾಲ್, ಯೀಸ್ಟ್ ಸಾರ, ಒಂದಿಷ್ಟು ಲವಣ, ಗಟ್ಟಿಯಾಗಲು ಅಗರ್. ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ, ಅದೇ. ಜೊತೆಗೆ ಕಾಂಗೋ ರೆಡ್ ಬಣ್ಣ. ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಆ ಬಣ್ಣ ಹೀರಿ ಕೆಂಪಾಗುತ್ತವೆ, ರೈಜೋಬಿಯಂ ಸಾಮಾನ್ಯವಾಗಿ ಬೆಳ್ಳಗೇ ಉಳಿಯುತ್ತದೆ.

ಎರಡನೇ ದಿನಕ್ಕೇ ನನ್ನ ಪ್ಲೇಟುಗಳಲ್ಲಿ ದಪ್ಪ ದಪ್ಪ ಕಾಲೊನಿಗಳು, ಅಂದ್ರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳು, ಬಂದವು. ಕೆಲವು ತಿಳಿಗೆಂಪು, ಕೆಲವು ಬಿಳಿ. ಬಿಳಿಯವನ್ನು ಎತ್ತಿಕೊಂಡು, ನಾಲ್ಕನೇ ದಿನ ಪ್ಲೇಟುಗಳನ್ನು ಆಟೋಕ್ಲೇವ್‌ಗೆ ಹಾಕಿ ಎಸೆದೆ. ಎತ್ತಿಕೊಂಡವನ್ನು ಗಿಡದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಅದಕ್ಕೆ ಲಿಯೊನಾರ್ಡ್ ಜಾರ್ ಎಂಬ ಏರ್ಪಾಡಿದೆ. ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗು ಮಾಡಿ ಮರಳು ತುಂಬಿ, ಕೆಳಗಿನ ಜಾರಿನಿಂದ ಬತ್ತಿಯ ಮೂಲಕ ಸಾರಜನಕವೇ ಇಲ್ಲದ ಪೋಷಕ ದ್ರಾವಣ ಏರುವಂತೆ ಮಾಡುತ್ತಾರೆ. ಬ್ಯಾಕ್ಟೀರಿಯಾ ಸರಿಯಾದದ್ದಾದರೆ ಗಿಡ ಹಸಿರು, ಇಲ್ಲವಾದರೆ ಹಳದಿ. ನಲವತ್ತೈದು ದಿನ ಕಾದೆ. ಎಲ್ಲಾ ಹಳದಿ. ಬೇರಲ್ಲಿ ಒಂದು ಗಂಟೂ ಇಲ್ಲ. ಮತ್ತೊಮ್ಮೆ ಮಾಡಿದೆ, ಮತ್ತೆ ಹಳದಿ. ಹಾಸ್ಟೆಲ್ ರೂಮಿನಲ್ಲಿ ಕೂತು ಅತ್ತಿದ್ದೇನೆ.

ಆಗ ನನ್ನ ಗೈಡ್ ನೋಟ್‌ಬುಕ್ ತೆರೆದು ಒಂದೇ ಪ್ರಶ್ನೆ ಕೇಳಿದರು: "ಪ್ಲೇಟು ಎಷ್ಟು ದಿನ ಇಟ್ಟಿದ್ದೆ?" ಶೇಂಗಾದ್ದು ಬ್ರಾಡಿರೈಜೋಬಿಯಂ, ಆ ಹೆಸರಿನಲ್ಲೇ ನಿಧಾನ ಅನ್ನೋ ಅರ್ಥ ಇದೆ. ಅದಕ್ಕೆ ಒಂದು ವಾರ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ನಾನು ಎತ್ತಿಕೊಂಡಿದ್ದು ಗಂಟಿನ ಮೇಲೆ ಸಾಯದೆ ಉಳಿದ ಬೇರೆ ಯಾವುದೋ ಬ್ಯಾಕ್ಟೀರಿಯಾ. ಎಸೆದಿದ್ದು ನನಗೆ ಬೇಕಾದದ್ದನ್ನು.

ಮೂರನೇ ಸಲ ಅಪ್ಪನ ಹೊಲದಿಂದಲೇ ಗಂಟು ತಂದೆ. 28 ಡಿಗ್ರಿಯಲ್ಲಿ ಇಟ್ಟು, ಸುಮ್ನೆ ಕಾದೆ. ಏಳನೇ ದಿನ ಬೆಳಿಗ್ಗೆ ಬೆಳಕಿಗೆ ಓರೆಯಾಗಿ ಹಿಡಿದಾಗ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಕಂಡವು. ಅವನ್ನು ಹಾಕಿದ ಜಾರುಗಳಲ್ಲಿ ಗಿಡ ಹಸಿರಾಯಿತು. ಗಂಟು ಕೊಯ್ದರೆ ಅದೇ ಕೆಂಪು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಪಿಎಚ್‌ಡಿ, ನಡುವೆ ಆರು ವರ್ಷ ಪ್ರಾಜೆಕ್ಟ್ ಕೆಲಸ, ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು. ಮದುವೆ, ಮಗಳು. ಖಾಯಂ ಕೆಲಸ ಸಿಕ್ಕಾಗ ನನಗೆ ಮೂವತ್ತಾರು.

ನನ್ನ ಮನಸ್ಸು ಈಗ ಜಾಸ್ತಿ ಇರುವುದು ಹೊಲದಲ್ಲಿ. ಬಿತ್ತುವ ಬೀಜಕ್ಕೆ ಹಚ್ಚಲು ಜೀವಂತ ರೈಜೋಬಿಯಂ ಬೆರೆಸಿದ ಪುಡಿಯನ್ನು ಪಾಕೀಟಿನಲ್ಲಿ ಮಾರುತ್ತಾರೆ. ಒಮ್ಮೆ ಒಬ್ಬ ರೈತರು ನಿಮ್ಮ ಪುಡಿ ಕೆಲಸ ಮಾಡಲಿಲ್ಲ ಮೇಡಂ ಅಂದರು. ಅವರು ಕೊಂಡ ಅಂಗಡಿಗೇ ಹೋಗಿ ಪಾಕೀಟು ತಂದು ಎಣಿಸಿದೆ. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು ಅನ್ನೋದು ನಿಯಮ. ಅದರಲ್ಲಿ ಸಾವಿರವೂ ಇರಲಿಲ್ಲ. ತಗಡಿನ ಮಾಡಿನ ಕೆಳಗೆ ಏಪ್ರಿಲ್, ಮೇ ಪೂರ್ತಿ ಬೆಂದಿತ್ತು. ರೈತರು ದುಡ್ಡು ಕೊಟ್ಟು ಸತ್ತ ಪುಡಿ ಒಯ್ಯುತ್ತಿದ್ದಾರೆ ಅಂದರೆ ಸಿಟ್ಟು ಬರುತ್ತೆ, ಅಲ್ವಾ?

ಹಾಗಾಗಿ ಹೋದಲ್ಲೆಲ್ಲ ಹೇಳುತ್ತೇನೆ: ತಾರೀಖು ನೋಡಿ ಕೊಳ್ಳಿ, ತಂಪಲ್ಲಿಡಿ. ಕಾಯಿಸಿದ ಬೆಲ್ಲದ ನೀರು ಪೂರ್ತಿ ತಣ್ಣಗಾದ ಮೇಲೆ ಅದರಲ್ಲಿ ಪುಡಿ ಕಲಸಿ, ಬೀಜಕ್ಕೆ ಹಗುರವಾಗಿ ಹಚ್ಚಿ. ಶೇಂಗಾ ಬೀಜದ ಮೇಲಿನ ತೆಳು ಸಿಪ್ಪೆ ಸುಲಿದರೆ ಮೊಳಕೆಗೆ ಪೆಟ್ಟು, ಹಾಗಾಗಿ ಉಜ್ಜಬೇಡಿ. ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿ. ಔಷಧಿ ಹಚ್ಚುವುದಿದ್ದರೆ ಮೊದಲು ಅದು, ಕೊನೆಗೆ ರೈಜೋಬಿಯಂ. ಯೂರಿಯಾ ಜಾಸ್ತಿ ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ, ಸಾರಜನಕ ಪುಕ್ಕಟೆ ಸಿಗುವಾಗ ಬ್ಯಾಕ್ಟೀರಿಯಾವನ್ನು ಯಾಕೆ ಸಾಕಬೇಕು ಅದು. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಮೊದಲ ಸಲ ಸೋಯಾಬೀನ್ ಹಾಕುವ ಹೊಲದಲ್ಲಿ ಇದರ ಲಾಭ ಕಣ್ಣಿಗೇ ಕಾಣುತ್ತದೆ, ಅದಕ್ಕೆ ಬೇಕಾದ ಬ್ಯಾಕ್ಟೀರಿಯಾ ನಮ್ಮ ಮಣ್ಣಲ್ಲಿ ಮೊದಲಿನಿಂದ ಇದ್ದದ್ದಲ್ಲ. ತಲೆಮಾರುಗಳಿಂದ ಶೇಂಗಾ ಬೆಳೆದ ಹೊಲದಲ್ಲಿ ಮಾತ್ರ ಅಲ್ಲಿನವೇ ಬೇರನ್ನು ಮೊದಲು ಹಿಡಿದುಬಿಡುತ್ತವೆ, ನಾವು ಹಾಕಿದ್ದಕ್ಕೆ ಜಾಗ ಸಿಗುವುದೇ ಕಷ್ಟ.

ಅಪ್ಪ ಈಗಿಲ್ಲ. ಅವರ ಹೊಲದ ಆ ತಳಿ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇದೆ, ಹೊಸದಾಗಿ ಬಂದ ಪ್ರತಿ ವಿದ್ಯಾರ್ಥಿಗೂ ಮೊದಲು ಅದನ್ನೇ ಬೆಳೆಸಲು ಕೊಡುತ್ತೇನೆ. ಕಳೆದ ಮುಂಗಾರಿನಲ್ಲಿ ಊರಿಗೆ ಹೋದಾಗ ತಮ್ಮ ಒಂದು ಶೇಂಗಾ ಗಿಡ ಕಿತ್ತು, ಗಂಟನ್ನು ಉಗುರಿನಿಂದ ಸೀಳಿ ನನ್ನ ಮುಂದೆ ಹಿಡಿದ. "ಅಕ್ಕಾ, ಇದು ಯಾಕ ಹಸಿರದ?" ಕಾಯಿ ತುಂಬುವ ಹೊತ್ತಿಗೆ ಗಂಟಿಗೆ ವಯಸ್ಸಾಗುತ್ತದೆ, ಕೆಂಪು ಒಡೆದು ಹಸಿರಾಗುತ್ತದೆ ಅಂತ ಹೇಳಿದೆ. ಹೌದೋ ಅಲ್ಲವೋ ನೋಡೋಣ ಅಂತ ಅವನು ಪಕ್ಕದ ಸಾಲಿನಲ್ಲಿ ತಡವಾಗಿ ಬಿತ್ತಿದ ಗಿಡ ಕಿತ್ತ.